ಒಂದು ವಾರ ಮುಂಚೆ ಬಂದುಹೋದ ಬಿಸಿಲು

ಅಮ್ಮನ ಎರಡೂ ಕಣ್ಣಿಗೆ ಗ್ಲಾಕೋಮಾ. ಮುಂದಿನ ವರ್ಷಕ್ಕೆ ದೃಷ್ಟಿ ಎಷ್ಟು ಉಳಿಯುತ್ತದೋ ಹೇಳಲಾರೆ ಎಂದು ನುಂಗಂಬಾಕ್ಕಂನ ಡಾಕ್ಟರು ಕೈಚೆಲ್ಲಿದ ದಿನ ಅವಳು ಕೇಳಿದ್ದು ಒಂದೇ. ಗಿಂಡಿಯಾಚೆಯ ಹಳೆಯ ಈಶ್ವರನ ಗುಡಿಯಲ್ಲಿ ಲಿಂಗದ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ಇನ್ನೊಮ್ಮೆ ನೋಡಬೇಕು. ವರ್ಷಕ್ಕೆ ಮೂರೇ ದಿನ ಸೂರ್ಯ ನೆಟ್ಟಗೆ ಗರ್ಭಗುಡಿಗೆ ಬರುವಂತೆ ಯಾರೋ ಪುಣ್ಯಾತ್ಮರು ಕಲ್ಲು ಜೋಡಿಸಿಟ್ಟಿದ್ದಾರೆ. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ನೋಡಿದ್ದಳಂತೆ.

"ಯಾವತ್ತಮ್ಮ ಅದು?"

"ರಥಸಪ್ತಮಿ ದಿವಸ ಕಣೋ. ತಲೆ ಮೇಲೆ ಎಕ್ಕದೆಲೆ ಇಟ್ಕೊಂಡು ಸ್ನಾನ ಮಾಡಿ ಹೋಗಿದ್ವಿ. ಮರೀತೀನಾ?"

ಊರಿಂದ ತರಿಸುವ ಕನ್ನಡ ಪಂಚಾಂಗದಲ್ಲಿ ರಥಸಪ್ತಮಿಗೆ ಗುರುತು ಹಾಕಿ, ಉಳಿದದ್ದಕ್ಕೆಲ್ಲ ಚಿಂತೆ ಮಾಡಿದೆ. ಗುಡಿಯ ಮೆಟ್ಟಿಲು, ಅಮ್ಮನ ಮಂಡಿ, ಆಫೀಸಿನ ರಜೆ. ಮೋಡದ ಸಲುವಾಗಿ ಫೋನಿನಲ್ಲಿ ಮೂರು ಆ್ಯಪ್.

ಆ ದಿನ ಬೆಳಕು ಹರಿಯುವ ಮುಂಚೆ ಗುಡಿ ತಲುಪಿದರೆ ಜನವೇ ಇಲ್ಲ. ನಮ್ಮ ಅದೃಷ್ಟ ಅಂದುಕೊಂಡೆ. ಇಷ್ಟೊಂದು ಚಿಂತಿಸುವವನಿಗೆ ಚಿಂತಿಸಬೇಕಾದ ಜಾಗ ಮಾತ್ರ ಗೊತ್ತಾಗುವುದಿಲ್ಲ.

"ಅದು ಪೋನ ವಾರಮೇ ಮುಡಿಂಜಿದೇ ಸಾರ್," ಎಂದರು ಅರ್ಚಕರು. ಕಳೆದ ವಾರವೇ ಮುಗಿದಿತ್ತು. ತೈ ತಿಂಗಳ ಕಡೆಯ ಮೂರು ದಿನ.

ತಮಿಳರ ತೈ ಸೂರ್ಯನ ಲೆಕ್ಕದ್ದು, ನಮ್ಮ ಮಾಘ ಚಂದ್ರನದು. ರಥಸಪ್ತಮಿ ಹೆಸರಿಗೆ ಸೂರ್ಯನ ಹಬ್ಬವಾದರೂ ಚಂದ್ರನ ಬೆನ್ನು ಹಿಡಿದು ವರ್ಷ ವರ್ಷ ಆಚೀಚೆ ಸರಿಯುತ್ತದೆ. ಅಮ್ಮ ನೋಡಿದ ವರ್ಷ ಎರಡೂ ಕೂಡಿ ಬಂದಿದ್ದವು, ಅಷ್ಟೆ. ಈ ತಮಿಳು ಊರಿನಲ್ಲೇ ಹುಟ್ಟಿ ಐವತ್ತು ದಾಟಿದ ನನಗೆ ಇದು ಹೊಳೆಯಲಿಲ್ಲ.

ಅಷ್ಟರಲ್ಲಿ ಬಿಸಿಲು ಒಳಗೆ ಬಂತು.

"ಎಲ್ಲಿಗೆ ಬಂತೋ?"

"ಎಡಗಡೆ ಗೋಡೆ ಮೇಲಿದೆ. ಲಿಂಗಕ್ಕೆ ಒಂದು ಮೊಳ ದೂರ."

"ನಿಮ್ಮಪ್ಪ ಆಗಿದ್ರೆ ಮೊದ್ಲೇ ಬಂದು ಅರ್ಚಕರನ್ನ ಕೇಳ್ಕೊಂಡು ಹೋಗ್ತಿದ್ರು. ನೀನು ಮೋಡ ಎಣಿಸ್ತಾ ಕೂತೆ."

ಅರ್ಚಕರನ್ನು ಕೇಳಿ, ಮುಂದಿನ ವರ್ಷದ ಮೂರು ದಿನಕ್ಕೂ ಫೋನಿನಲ್ಲಿ ಅಲಾರಂ ಇಟ್ಟೆ.

"ನನ್ನ ಕಣ್ಣಿಗೂ ಒಂದು ಇಟ್ಬಿಡು," ಎಂದಳು ಅಮ್ಮ.

ಆಮೇಲೆ ಕಂಬಕ್ಕೆ ಕೈಕೊಟ್ಟು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಆ ಗೋಡೆಯನ್ನೇ ನೋಡುತ್ತ ನಿಂತಳು. ನಾನು ಹೊರಗೆ ಹೋಗಿ, ಇನ್ನೂ ಸ್ವಲ್ಪ ಹೊತ್ತು ಕಾಯಬೇಕೆಂದು ಆಟೋದವನಿಗೆ ಹೇಳಿ ಬಂದೆ.