ಹಾಲಿನ ಕವರಿನ ಬೆಂಚಿಗೆ ವಿಭೂತಿ

ಆವತ್ತು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ಖಾಲಿ ಕವರನ್ನು ತೊಳೆದು ಒಲೆಯ ಹಿಂದಿನ ಟೈಲ್ಸಿಗೆ ಅಂಟಿಸಿದೆ. ಹಿಂದಿನ ದಿನದ್ದು ಒಣಗಿ ತಾನಾಗಿಯೇ ಕೆಳಗೆ ಬಿದ್ದಿತ್ತು, ಅದನ್ನು ಚೀಲಕ್ಕೆ ಹಾಕಿದೆ. ಅತ್ತೆಯ ಪೂಜೆಗೆ ಹೂವು ಬಿಡಿಸಿಟ್ಟೆ. ದೋಸೆಗೆ ನೆನೆಹಾಕಿದೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಕಾವೇರಿ ನೀರು ಬಂತೇ ಎಂದು ಸಂಪಿನ ಮುಚ್ಚಳ ತೆಗೆದು ಇಣುಕಿದೆ, ಬಂದಿರಲಿಲ್ಲ. ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ರಾತ್ರಿಯ ಚಿತ್ರಾನ್ನಕ್ಕೆಂದು ನಿಂಬೆಹಣ್ಣು ತಂದೆ. ಅವುಗಳಲ್ಲಿ ನಾಲ್ಕು ಅಡುಗೆಮನೆಗೆ ಬರಲೇ ಇಲ್ಲ.

ಕವರು ಒಣಗಿಸುವ ಅಭ್ಯಾಸ ಹಿಡಿಸಿದವಳು ನನ್ನ ನಾದಿನಿ. ಹೇರೋಹಳ್ಳಿಯಲ್ಲಿ ಒಂದು ಶೆಡ್ ಹಿಡಿದು, ಅಕ್ಕಪಕ್ಕದ ಹೆಂಗಸರನ್ನು ಸೇರಿಸಿಕೊಂಡು, ಮನೆಮನೆಯ ಹಾಲಿನ ಕವರುಗಳನ್ನು ಕರಗಿಸಿ, ಅಚ್ಚಿಗೆ ಒತ್ತಿ ಹಲಗೆ ಮಾಡುತ್ತಾಳೆ. ಹಲಗೆ ಗಟ್ಟಿ. ಮಳೆಗೆ ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಕೊಳ್ಳುವವರೇ ಇರಲಿಲ್ಲ. “ಕಸ ಕೊಡೋಕೆ ಎಲ್ರೂ ರೆಡಿ ಅತ್ತಿಗೆ. ಅದ್ರಿಂದ ಮಾಡಿದ್ದನ್ನ ತಗೊಳ್ಳಿ ಅಂದ್ರೆ ಗೇಟ್ ಹಾಕ್ಕೊಳ್ತಾರೆ” ಎನ್ನುತ್ತಿದ್ದಳು. ಮಾಡಿಟ್ಟ ಹಲಗೆಗಳು ಸೂರಿನವರೆಗೆ ಏರಿ, ಹೆಂಗಸರು ಓಡಾಡಲು ಜಾಗವಿಲ್ಲದಂತಾಗಿತ್ತು. ಹೀಗೇ ಆದರೆ ಶೆಡ್ ಬಿಡಬೇಕು ಎಂದು ಅವಳು ನನ್ನೊಬ್ಬಳ ಹತ್ತಿರ ಹೇಳಿದ್ದಳು.

ಅಷ್ಟರಲ್ಲಿ ಪಾಲಿಕೆಯವರು, ಬಡಾವಣೆಯ ಒಣಕಸದಿಂದ ಮಾಡಿದ ವಸ್ತುವನ್ನು ಬಡಾವಣೆಯಲ್ಲೇ ಕೊಳ್ಳಲೆಂದು ಒಂದಷ್ಟು ದುಡ್ಡು ತೆಗೆದಿಟ್ಟರು. ಸರ್ಕಾರದ ಹಣವೆಂದರೆ ಅಗೆದ ರಸ್ತೆ, ಮುಚ್ಚದ ಗುಂಡಿ ಎಂದೇ ತಿಳಿದಿದ್ದ ನನಗೆ ಈ ಯೋಚನೆ ಬಹಳ ಹಿಡಿಸಿತು. ನಮ್ಮ ಅಡುಗೆಮನೆಯಿಂದ ಹೊರಟದ್ದು ನಮ್ಮ ಪಾರ್ಕಿಗೇ ಬಂದು ಕೂರುತ್ತದೆ! ಮೊದಲು ನಮ್ಮ ಪಾರ್ಕಿಗೆ ಒಂದು ಉದ್ದನೆಯ ಬೆಂಚು. ಜನ ಅದನ್ನು ಬಳಸುತ್ತಾರೋ ಇಲ್ಲವೋ ಎಂದು ಇಂಜಿನಿಯರ್ ಬಂದು ನೋಡುತ್ತಾರೆ. ಬಳಸಿದರೆ ಉಳಿದ ಪಾರ್ಕುಗಳಿಗೂ ಅವಳದೇ ಬೆಂಚು. ಇಲ್ಲವಾದರೆ ಇಲ್ಲ.

ಬೆಂಚು ಬಂದ ದಿನ ಅತ್ತೆಗೆ ಹಿಗ್ಗೋ ಹಿಗ್ಗು. “ನಮ್ಮನೆ ಕವರೂ ಇದ್ರೊಳಗಿದೆ” ಎಂದು ಕಂಡಕಂಡವರಿಗೆಲ್ಲ ಹೇಳಿದರು. ತಟ್ಟೆ ಹಿಡಿದು ಜೊತೆಗೆ ಹೋದವಳು ನಾನೇ. ಬೆಂಚಿನ ಬೆನ್ನಿಗೆ ಮೂರು ಬೆರಳಿನಿಂದ ಅಗಲವಾಗಿ ವಿಭೂತಿ ಎಳೆದು, ಕುಂಕುಮವಿಟ್ಟು, ಹೂವು ಏರಿಸಿ, ಊದುಬತ್ತಿ ಬೆಳಗಿ ಕಾಯಿ ಒಡೆದರು. ನೋಡಲು ಬಲು ಲಕ್ಷಣವಾಗಿತ್ತು.

ಮರುದಿನದಿಂದ ಆ ಬೆಂಚಿನ ಮೇಲೆ ಒಬ್ಬರೂ ಕೂರಲಿಲ್ಲ.

ವಾಕಿಂಗಿನವರು ಹತ್ತಿರ ಬಂದಾಗ ಚಪ್ಪಲಿ ಬಿಟ್ಟು, ಬೆಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತಿದ್ದರು. ಯಾರೋ ದಾಸವಾಳ ಇಟ್ಟರು. ಪಕ್ಕದ ಮುರುಕು ಕಲ್ಲುಬೆಂಚಿನ ಮೇಲೆ ಮಾತ್ರ ಜನ ಒತ್ತಿಕೊಂಡು ಕೂರುತ್ತಿದ್ದರು. ದಿನವೂ ಪೇಪರ್ ಹಿಡಿದು ಬರುವ ಹಿರಿಯರನ್ನು ಕೇಳಿದೆ. “ಏನಮ್ಮಾ, ವಿಭೂತಿ ಧರಿಸಿದ ಬೆಂಚಿಗೆ ಬೆನ್ನು ಕೊಟ್ಟು ಕೂತ್ಕೊಳ್ಳೋದಾ? ಒಳ್ಳೇ ಕೇಳಿದ್ರಿ” ಎಂದರು. ಒರೆಸಿಬಿಡೋಣವೇ ಎಂದರೆ ಅತ್ತೆ ಹೌಹಾರಿದರು. “ಹಚ್ಚಿದ ವಿಭೂತಿ ಒರೆಸೋದಾ? ನನ್ನ ಕೈಲಾಗಲ್ಲಮ್ಮ, ನೀನೂ ಮುಟ್ಬೇಡ.”

ನಾನು ನಿಂಬೆಹಣ್ಣು ತಂದ ದಿನವೇ ಸಂಜೆ ಇಂಜಿನಿಯರ್ ಬರುವುದಿತ್ತು. ಮಾರ್ಕೆಟ್ಟಿನಿಂದ ಬರುವಾಗ ಅತ್ತೆ ಪಾರ್ಕಿನ ಗೇಟಿನಲ್ಲೇ ಸಿಕ್ಕರು. ನಾದಿನಿ ತನ್ನ ಲಗೇಜ್ ಆಟೋ ಓಡಿಸಿಕೊಂಡು ಬಂದಳು. ಬೆಂಚಿನ ಮೇಲಿನ ಹೂವಿನ ರಾಶಿ ನೋಡಿ ಸೊಂಟಕ್ಕೆ ಕೈ ಇಟ್ಟು ನಿಂತಳು.

“ಅವ್ವಾ, ನಾನು ಬೆಂಚು ಮಾಡಿದ್ದೆ. ನೀನು ದೇವಸ್ಥಾನ ಕಟ್ಟಿದೀಯ.”

“ಒಳ್ಳೇದಾಗ್ಲಿ ಅಂತ ಮಾಡ್ದೆ ಕಣೇ.”

“ಒಳ್ಳೇದಾಯ್ತು ಬಿಡು! ಇಂಜಿನಿಯರ್‌ಗೆ ಏನು ಹೇಳ್ಲಿ? ಮಂಗಳಾರತಿ ತಗೊಂಡು ಹೋಗಿ ಸಾರ್ ಅಂತಲಾ?”

ನನಗೆ ನಗು ಬಂತು. ಆದರೆ ಅವಳ ಕಣ್ಣಲ್ಲಿ ನೀರು ನಿಂತದ್ದು ಕಂಡು ನಗು ತಡೆದುಕೊಂಡೆ. ಅತ್ತೆ ಮಗಳ ಕಡೆ ನೋಡಲಾರದೆ ಅವಳ ಆಟೋ ಕಡೆಗೆ ನೋಡುತ್ತಿದ್ದರು. ಅದರ ಹಣೆಯ ಮೇಲೆ ಆಯುಧಪೂಜೆಯ ವಿಭೂತಿ, ಕುಂಕುಮ ಇನ್ನೂ ಮಾಸದೆ ಉಳಿದಿದ್ದವು.

“ಇದಕ್ಕೂ ನಾನೇ ಪೂಜೆ ಮಾಡಿದ್ದಲ್ವೇನೇ?” ಎಂದರು. “ಆಮೇಲೆ ನೀನು ಹತ್ತಿ ಕೂತ್ಕೊಂಡು ಓಡಿಸ್ಕೊಂಡು ಹೋದೆ.”

“ಅದು ಗಾಡಿ ಅವ್ವಾ. ನಿಂಬೆಹಣ್ಣಿನ ಮೇಲೆ ಹತ್ತಿಸಿದ್ವಿ.”

ಅತ್ತೆ ನನ್ನ ಕೈಚೀಲದ ಕಡೆ ತಿರುಗಿದರು. ನಾನು ಬಾಯಿ ತೆಗೆಯುವ ಮೊದಲೇ ನಾಲ್ಕು ಹಣ್ಣು ಆರಿಸಿ ತೆಗೆದಾಗಿತ್ತು.

ಪೇಪರಿನ ಹಿರಿಯರನ್ನೂ ಇನ್ನಿಬ್ಬರು ವಾಕಿಂಗಿನವರನ್ನೂ ಕೂಗಿ ಕರೆದರು. ಅವರು ಬೆಂಚನ್ನು ಎತ್ತಿ ಹಿಡಿದರು, ನಾದಿನಿ ಒಂದೊಂದು ಕಾಲಿನ ಕೆಳಗೂ ಒಂದೊಂದು ಹಣ್ಣು ಇಟ್ಟಳು. “ಬಿಡ್ರಪ್ಪಾ!” ಎಂದರು ಅತ್ತೆ. ಪಚ್ಚೆಂದು ರಸ ಹಾರಿ ಹಿರಿಯರ ಪಂಚೆಗೆ ಬಿತ್ತು. “ಮುಗೀತು. ಇನ್ನು ಇದು ಗಾಡಿ ಇದ್ದ ಹಾಗೆ, ಹತ್ತಿ” ಎಂದು ಅತ್ತೆ, ಹೂಗಳನ್ನು ಸೆರಗಿಗೆ ತುಂಬಿಕೊಂಡು, ಮೊದಲು ತಾವೇ ಕೂತು ಹಾಯಾಗಿ ಬೆನ್ನು ಒರಗಿಸಿದರು. ಹಿರಿಯರು ಒಂದು ಗಳಿಗೆ ಅನುಮಾನಿಸಿ ಪಕ್ಕದಲ್ಲಿ ಕೂತು ಪೇಪರ್ ಬಿಡಿಸಿದರು. “ಕಲ್ಲಿನಷ್ಟು ತಣ್ಣಗಿಲ್ಲ, ಸೊಂಟಕ್ಕೆ ಒಳ್ಳೇದು ಕಣ್ರೀ” ಎಂದು ಆಚೆಯವರನ್ನೂ ಕರೆದರು.

ಇಂಜಿನಿಯರ್ ಬಂದಾಗ ಬೆಂಚು ತುಂಬಿತ್ತು. ಅವರು ಒಂದು ಸುತ್ತು ಹಾಕಿ, ಬಗ್ಗಿ ಜಜ್ಜಿದ ನಿಂಬೆಹಣ್ಣು ನೋಡಿ, “ಅಜ್ಜಿ, ಸ್ವಲ್ಪ ಸರಿದು ಕೂತ್ಕೊಳ್ತೀರಾ?” ಎಂದರು. ಅತ್ತೆ ಸರಿದರು. ಅವರು ಕೂತು, ಅಂಗೈಯಿಂದ ಹಲಗೆ ತಟ್ಟಿ ನೋಡಿ, “ಮಿಕ್ಕ ಪಾರ್ಕುಗಳಿಗೂ ಮಾಡೋಕೆ ಶುರು ಮಾಡ್ರಮ್ಮ” ಎಂದು ನಾದಿನಿಗೆ ಹೇಳಿದರು. ಅವಳು ಸರಿ ಸಾರ್ ಎನ್ನುವುದನ್ನೂ ಮರೆತು ಶೆಡ್ಡಿನ ಹೆಂಗಸರಿಗೆ ಫೋನು ಹಚ್ಚಿದಳು. ಆ ಕಡೆಯ ಕೇಕೆ ನನಗೇ ಕೇಳಿಸಿತು.

ರಾತ್ರಿ ಚಿತ್ರಾನ್ನ ತಿಂದೆವು, ಜೊತೆಗೆ ಹಪ್ಪಳ, ಗಟ್ಟಿ ಮೊಸರು. ಹುಳಿ ಸಾಲದು ಎಂದು ಗೊಣಗಿದವರೂ ಅತ್ತೆಯೇ. ಎರಡನೇ ಸಲ ಬಡಿಸೋಣವೆಂದು ತಿರುಗಿದರೆ, ನಾದಿನಿ ಆಗಲೇ ಕೈ ತೊಳೆದು ಬಂದು, ದಿವಾನದ ಮೇಲೆ ಆಟೋ ಬೀಗದ ಕೈ ಮುಷ್ಟಿಯಲ್ಲೇ ಹಿಡಿದುಕೊಂಡು ನಿದ್ದೆ ಹೋಗಿದ್ದಳು.