ಮಿರ್ಚಿ ಬಂಡಿಯವನ ಚೀಲದಲ್ಲಿ ಸೇಬು

ಕೊಟ್ಟೂರಿನ ನಮ್ಮ ಓಣಿಯ ತುದಿಯಲ್ಲಿ ಮಿರ್ಚಿ ಕರಿಯುವ ಕೊಟ್ರಪ್ಪ ಅಂದು ಬೆಳಿಗ್ಗೆ ಕೈಚೀಲ ಹಿಡಿದು ನಮ್ಮ ಬಾಗಿಲಿಗೇ ಬಂದಾಗ ನನಗೆ ಪಿತ್ತ ನೆತ್ತಿಗೇರಿತು. ಹೃದಯದ ತೊಂದರೆಯಿದ್ದ ಮಾವನವರು ಕರಿದದ್ದನ್ನು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು.

"ನಮ್ಮ ಮಾವಾರಿಗೆ ಮಿರ್ಚಿ ಕೊಡಂಗಿಲ್ಲ, ವಾಪಸ್ ತಗೊಂಡು ಹೋಗ್ರಿ" ಎಂದೆ.

ಆತ ಚೀಲ ಬಿಚ್ಚಿದ. ಒಳಗಿದ್ದದ್ದು ಸೇಬು!

"ನನಗೂ ಡಾಕ್ಟರು ಎಣ್ಣಿ ಬ್ಯಾಡ ಅಂದಾರ್ರಿ ಅಕ್ಕಾರ. ಆ ಸೇಬಿನ ಕಡಬು ನನಗೂ ನಾಕು ಮಾಡಿಕೊಡ್ರಿ. ನಮ್ಮ ಸೊಸಿ ಕೈರುಚಿ ಯಾರಿಗೂ ಬರಂಗಿಲ್ಲ ಅಂತ ನಿಮ್ಮ ಮಾವಾರು ದಿನಾ ಹೇಳ್ತಾರ್ರಿ."

ಮಾವನವರನ್ನು ನೋಡಲು ಬಂದವರೆಲ್ಲ ತಂದ ಸೇಬು ರಾಶಿ ಬಿದ್ದಿತ್ತೆಂದು, ಬೆಲ್ಲ, ಏಲಕ್ಕಿ ಹಾಕಿ ಹೂರಣ ಮಾಡಿ ನಾನು ಶುರು ಮಾಡಿದ ಕಡಬು ಅದು. ಕರಿಯುವಂತಿರಲಿಲ್ಲ, ಮನೆಯಲ್ಲಿ ಓವನ್ ಇಲ್ಲದ ಕಾಲ. ತಟ್ಟೆಯಲ್ಲಿ ಜೋಡಿಸಿ ಬೇಕರಿಯ ಭಟ್ಟಿಗೆ ಒಯ್ದು ಬೇಯಿಸಿ ತರುತ್ತಿದ್ದೆ. ಮಾವನವರು ಮುಖ ಸಿಂಡರಿಸಿಯೇ ತಿನ್ನುತ್ತಿದ್ದರು, ಒಂದು ದಿನವೂ ಚೆನ್ನಾಗಿದೆ ಅಂದವರಲ್ಲ. ಈ ಮಾತು ಕೇಳಿ ಹಿಗ್ಗಿಹೋದೆ. ಕೊಟ್ರಪ್ಪನಿಗೆ ನಾಲ್ಕಲ್ಲ, ಹತ್ತು ಕಡಬು ಮಾಡಿಕೊಟ್ಟೆ.

ಆ ಹಿಗ್ಗು ಈಗಲೂ ಇದೆ. ಆದರೆ ಆ ಹೊಗಳಿಕೆ ದಿನಾ ನಡೆಯುತ್ತಿದ್ದದ್ದು ಮಿರ್ಚಿ ಬಂಡಿಯ ಮುಂದೆ ಎಂಬುದು ನನಗೆ ಹೊಳೆದದ್ದು ಮಾತ್ರ ಅಂದು ಸಂಜೆ ಪಾತ್ರೆ ತೊಳೆಯುವಾಗ.