ತಾಮ್ರ ಹುಡುಕಿದ ಬೆಳಕು

ಮೊನ್ನೆ ತಂಗಿಯ ಮಗಳು ಕೊಪ್ಪದ ನಮ್ಮ ಮನೆಗೆ ತನ್ನ ಸಂಶೋಧನೆಯ ಪುಟ್ಟ ಯಂತ್ರ ತಂದಿದ್ದಳು. ನೀರಿನಲ್ಲಿ ತಾಮ್ರ ಎಳ್ಳಷ್ಟಿದ್ದರೂ ಅದು ಹಿಡಿಯುತ್ತದಂತೆ. ಅದರೊಳಗೆ ಯಾವ ತಂತಿಯೂ ತಾಗದ ಒಂದು ಲೋಹದ ಪಟ್ಟಿ. ಒಂದು ತುದಿಗೆ ನೀರು ಬಿಟ್ಟರೆ, ತಾಮ್ರ ಇದ್ದಷ್ಟೂ ಇನ್ನೊಂದು ತುದಿ ಬೆಳಗುತ್ತದೆ. ಪಕ್ಕದ ಮನೆಯವರು ಅಡಿಕೆಗೆ ಹೊಡೆಯುವ ಮೈಲುತುತ್ತದ ಡ್ರಮ್ಮನ್ನು ನಮ್ಮ ಬಾವಿಯ ಹತ್ತಿರ ತೊಳೆಯುತ್ತಾರೆಂದು ನನಗೆ ಅನುಮಾನ. ಮೈಲುತುತ್ತವೆಂದರೆ ತಾಮ್ರವೇ ತಾನೆ? ಆ ಮನೆಯಾಕೆಯನ್ನೂ ಕರೆದು ಕೂರಿಸಿ, ಬಾವಿಯ ನೀರು ತಂದುಕೊಟ್ಟೆ.

ಕತ್ತಲು ಮಾಡಿದ ಅಡುಗೆಮನೆಯಲ್ಲಿ ಪಟ್ಟಿಯ ತುದಿ ಕೆಂಡದ ಹಾಗೆ ಹೊಳೆಯಿತು.

"ನೋಡಿದ್ರಾ? ಡ್ರಮ್ ಎಲ್ಲಿ ತೊಳೀತೀರಿ ಅಂತ ಈಗ ಹೇಳಿ!" ಎಂದೆ.

"ನಮ್ಮ ತೋಟದ ಗುಂಡಿಯಲ್ಲೇ ಮಾರಾಯ್ರೆ," ಎಂದರು ಆಕೆ, ಸಣ್ಣ ದನಿಯಲ್ಲಿ.

ಹುಡುಗಿ ನನ್ನ ಕಡೆ ತಿರುಗಿದಳು. "ದೊಡ್ಡಮ್ಮ, ನೀರು ಎಂತದ್ರಲ್ಲಿ ತಂದ್ರಿ?"

ಒಳ್ಳೆಯ ಕೆಲಸಕ್ಕೆ ಒಳ್ಳೆಯ ಪಾತ್ರೆಯಿರಲೆಂದು, ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೆಂಬಿನಲ್ಲಿ ಬೆಳಿಗ್ಗೆಯೇ ತುಂಬಿಸಿಟ್ಟಿದ್ದೆ.

ಅವಳೇ ಬಾವಿಗೆ ಹೋಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತಂದು ಪಟ್ಟಿಗೆ ಬಿಟ್ಟಳು. ಏನೂ ಹೊಳೆಯಲಿಲ್ಲ.

"ಹಾಗಾದ್ರೆ ನಮ್ಮ ಡ್ರಮ್ಮು ನಿಮ್ಮ ಚೆಂಬಿನೊಳಗೇ ಇತ್ತು ಅನ್ನಿ," ಎಂದು ಪಕ್ಕದ ಮನೆಯಾಕೆ ಎದ್ದರು. ನಾನು ಚೆಂಬನ್ನು ಸೆರಗಿನಡಿ ಮುಚ್ಚಿಕೊಂಡು ಕಾಫಿಗೆ ನೀರಿಟ್ಟೆ.